ಗ್ರಹದ ಮೇಲ್ಮೈಯಲ್ಲಿ ಗುರುತ್ವ ಬಲ: ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ನೆಲದ ಮೇಲೆ ಒಂದು ಕಲ್ಲು ಬಿದ್ದಿದೆ. ಅದಕ್ಕೂ ಭೂಮಿಗೂ ಎಷ್ಟು ದೂರ? ಹೀಗೆ ಕೇಳಿದರೆ ಬಹಳ ಜನ ಯೋಚನೆ ಮಾಡದೆ "ಸೊನ್ನೆ" ಅಂತಾರೆ. ಕಲ್ಲು ನೆಲಕ್ಕೆ ತಾಗಿಕೊಂಡೇ ಇದೆಯಲ್ಲ! ಆದರೆ ಗುರುತ್ವದ ಲೆಕ್ಕದಲ್ಲಿ ಉತ್ತರ 6,371 ಕಿಲೋಮೀಟರ್. ಭೂಮಿಯ ನಟ್ಟನಡುವಿನಿಂದ ಆ ಕಲ್ಲಿನವರೆಗಿನ ದೂರ ಅದು. ಈ ಲೆಕ್ಕದಲ್ಲಿ ನಾನು ಕಂಡ ಗೊಂದಲಗಳಲ್ಲಿ ಹೆಚ್ಚಿನವು ಕೊನೆಗೆ ಈ ದೂರದ ಹತ್ತಿರವೇ ಬಂದು ನಿಲ್ಲುತ್ತವೆ. ಅದಕ್ಕೇ ಇಲ್ಲಿ ದೂರದ ಬಗ್ಗೆ ಜಾಸ್ತಿ ಹೇಳುತ್ತೇನೆ. ಗುಣಾಕಾರ, ಭಾಗಾಕಾರವನ್ನು ಕ್ಯಾಲ್ಕುಲೇಟರ್ ನೋಡಿಕೊಳ್ಳುತ್ತದೆ.

ಕೂಡಿಸಿ ಕಳೆಯಲು, ಗುಣಿಸಿ ಭಾಗಿಸಲು ಬಂದರೆ ಸಾಕು. ಹತ್ತರ ಘಾತಗಳ ಪರಿಚಯ ಸ್ವಲ್ಪ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಲೆಕ್ಕ ಮಾಡುತ್ತಾ ಮಾಡುತ್ತಾ ಬರುತ್ತದೆ.

ಸೂತ್ರ ಏನು ಹೇಳುತ್ತದೆ

ನ್ಯೂಟನ್ ತನ್ನ ಗುರುತ್ವ ನಿಯಮವನ್ನು ಪ್ರಕಟಿಸಿದ್ದು 1687ರಲ್ಲಿ. ಯಾವುದೇ ಎರಡು ವಸ್ತುಗಳು ಒಂದನ್ನೊಂದು ಎಳೆಯುತ್ತವೆ. ರಾಶಿ ಹೆಚ್ಚಿದ್ದಷ್ಟೂ ಎಳೆತ ಜಾಸ್ತಿ. ದೂರ ಹೆಚ್ಚಾದರೆ ಎಳೆತ ಕಡಿಮೆ, ಅದೂ ದೂರದ ವರ್ಗಕ್ಕೆ ತಕ್ಕ ಹಾಗೆ. ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ.

ಬಲ = ದೊಡ್ಡ ಜಿ × ಗ್ರಹದ ರಾಶಿ × ವಸ್ತುವಿನ ರಾಶಿ ÷ (ದೂರ × ದೂರ)

ರಾಶಿ ಅಂದರೆ ಪಠ್ಯಪುಸ್ತಕಗಳ ದ್ರವ್ಯರಾಶಿ, ಕಿಲೋಗ್ರಾಂ ಲೆಕ್ಕದ್ದು. ದೊಡ್ಡ ಜಿ ಅಂದರೆ ಗುರುತ್ವ ಸ್ಥಿರಾಂಕ. ಅದರ ಬೆಲೆ 6.674 × 10⁻¹¹ ನ್ಯೂಟನ್ ಮೀಟರ್²/ಕೆಜಿ². ಇಲ್ಲಿ ನ್ಯೂಟನ್ ಅಂದರೆ ಬಲ ಅಳೆಯುವ ಮಾನ. ಭೂಮಿಯ ಮೇಲಾಗಲಿ, ಶನಿಯ ಮೇಲಾಗಲಿ, ನಕ್ಷತ್ರಗಳ ನಡುವೆಯೇ ಆಗಲಿ, ಇದು ಬದಲಾಗುವುದಿಲ್ಲ.

ಈ ಸಂಖ್ಯೆ ಎಷ್ಟು ಚಿಕ್ಕದು ಅನ್ನುವುದು ಮನಸ್ಸಿಗೆ ಬರಬೇಕು. ತಲಾ 60 ಕೆಜಿಯ ಇಬ್ಬರು ಒಂದು ಮೀಟರ್ ದೂರದಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. 60 × 60 = 3,600. ಅದನ್ನು 6.674 × 10⁻¹¹ರಿಂದ ಗುಣಿಸಿದರೆ ಸುಮಾರು 2.4 × 10⁻⁷ ನ್ಯೂಟನ್. ಒಂದು ನ್ಯೂಟನ್‌ನ ನಲವತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಅವರಿಬ್ಬರಿಗೂ ಅದು ಗೊತ್ತೇ ಆಗುವುದಿಲ್ಲ. ಅದೇ ಒಬ್ಬೊಬ್ಬರನ್ನೂ ಭೂಮಿ ಸುಮಾರು 589 ನ್ಯೂಟನ್ ಬಲದಿಂದ ಕೆಳಗೆಳೆಯುತ್ತಿದೆ. ಇಷ್ಟು ದುರ್ಬಲವಾದ ಬಲ ನಮ್ಮನ್ನು ನೆಲಕ್ಕೆ ಹಿಡಿದಿಡಬೇಕಾದರೆ ಇಡೀ ಒಂದು ಗ್ರಹವೇ ಬೇಕು.

ಇಷ್ಟು ಚಿಕ್ಕ ಎಳೆತವನ್ನು ಪ್ರಯೋಗದಲ್ಲಿ ಅಳೆದವನು ಹೆನ್ರಿ ಕ್ಯಾವೆಂಡಿಶ್, 1798ರಲ್ಲಿ. ಒಂದು ಅಡ್ಡ ಕೋಲಿನ ಎರಡೂ ತುದಿಗೆ ಚಿಕ್ಕ ಸೀಸದ ಗುಂಡುಗಳು. ಕೋಲನ್ನು ತೆಳ್ಳಗಿನ ತಂತಿಯಿಂದ ತೂಗುಹಾಕಿದ. ಪಕ್ಕಕ್ಕೆ ತಲಾ ಸುಮಾರು 158 ಕೆಜಿಯ ದೊಡ್ಡ ಗುಂಡುಗಳನ್ನು ತಂದ. ತಂತಿ ಎಷ್ಟು ತಿರುಚಿಕೊಂಡಿತು ಅಂತ ನೋಡಿದ. ಹತ್ತಿರ ಹೋದರೆ ಮೈಬಿಸಿಗೆ ಗಾಳಿ ಅಲುಗಾಡಿ ಅಳತೆ ಕೆಡುತ್ತದೆ. ಹಾಗಾಗಿ ಕೋಣೆಯ ಹೊರಗಿನಿಂದ ದೂರದರ್ಶಕದಲ್ಲಿ ಓದಿಕೊಂಡ. ಅವನು ಹುಡುಕುತ್ತಿದ್ದದ್ದು ಭೂಮಿಯ ಸಾಂದ್ರತೆ. ನೀರಿನ ಸುಮಾರು 5.45 ಪಟ್ಟು ಅಂತ ಸಿಕ್ಕಿತು. ಇವತ್ತಿನ ಬೆಲೆ 5.51. ಆ ಕಾಲದ ಸಲಕರಣೆಯಲ್ಲಿ ಇಷ್ಟು ಹತ್ತಿರ ಬಂದದ್ದು ನನಗೆ ಇವತ್ತಿಗೂ ಬೆರಗು.

ದೂರ ಅಂದರೆ ನಡುವಿನಿಂದ ಯಾಕೆ

ಕಾಲ ಕೆಳಗಿನ ಮಣ್ಣು ಹತ್ತಿರದಲ್ಲೇ ಇದೆ. ಅದು ಜೋರಾಗಿ ಎಳೆಯಬೇಕು. ಗ್ರಹದ ಆಚೆ ಬದಿಯ ಬಂಡೆ 12,700 ಕಿಲೋಮೀಟರ್ ದೂರದಲ್ಲಿದೆ. ಅದರ ಎಳೆತ ಕಡಿಮೆ. ಎಡಬಲದಲ್ಲಿರುವ ಬಂಡೆಗಳು ಓರೆಯಾಗಿ ಎಳೆಯುತ್ತವೆ. ಇವನ್ನೆಲ್ಲ ಬೇರೆ ಬೇರೆಯಾಗಿ ಕೂಡಿಸುತ್ತಾ ಕೂತರೆ ಮುಗಿಯುವ ಮಾತಲ್ಲ.

ಆದರೆ ನ್ಯೂಟನ್ ಒಂದು ಸೊಗಸಾದ ವಿಷಯ ಸಾಧಿಸಿ ತೋರಿಸಿದ. ಗ್ರಹ ದುಂಡಗಿದ್ದು, ಕೇಂದ್ರದಿಂದ ಎಲ್ಲ ದಿಕ್ಕಿಗೂ ಒಂದೇ ರೀತಿ ಇದ್ದರೆ, ಹೊರಗಿರುವ ವಸ್ತುವಿನ ಮೇಲೆ ಈ ಎಲ್ಲ ಎಳೆತಗಳ ಮೊತ್ತ, ಪೂರ್ತಿ ರಾಶಿ ಕೇಂದ್ರದ ಒಂದೇ ಚುಕ್ಕೆಯಲ್ಲಿ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ ಬರುತ್ತದೆ. ಸುಮಾರಾಗಿ ಅಲ್ಲ, ಕರಾರುವಾಕ್ಕಾಗಿ. ಒಳಗೆ ಕಬ್ಬಿಣ, ಮೇಲೆ ಕಲ್ಲು ಅಂತ ಈರುಳ್ಳಿಯ ಹಾಗೆ ಪದರ ಪದರವಾಗಿದ್ದರೂ ಇದು ನಿಲ್ಲುತ್ತದೆ. ಹಾಗಾಗಿ ಮೇಲ್ಮೈಯಲ್ಲಿರುವ ವಸ್ತುವಿಗೆ "ದೂರ" ಅಂದರೆ ಗ್ರಹದ ತ್ರಿಜ್ಯ.

ಬೇಕಾಗುವ ಅಂಕಿಗಳು

ರಾಶಿ ಕಿಲೋಗ್ರಾಂನಲ್ಲಿ, ಸರಾಸರಿ ತ್ರಿಜ್ಯ ಕಿಲೋಮೀಟರ್‌ನಲ್ಲಿ:

ಬುಧ: 3.301 × 10²³, ತ್ರಿಜ್ಯ 2,439.7
ಶುಕ್ರ: 4.867 × 10²⁴, ತ್ರಿಜ್ಯ 6,051.8
ಭೂಮಿ: 5.972 × 10²⁴, ತ್ರಿಜ್ಯ 6,371
ಚಂದ್ರ: 7.342 × 10²², ತ್ರಿಜ್ಯ 1,737.4
ಮಂಗಳ: 6.417 × 10²³, ತ್ರಿಜ್ಯ 3,389.5
ಗುರು: 1.898 × 10²⁷, ತ್ರಿಜ್ಯ 69,911
ಶನಿ: 5.683 × 10²⁶, ತ್ರಿಜ್ಯ 58,232

ಪಟ್ಟಿಯಲ್ಲಿ ತ್ರಿಜ್ಯ ಕಿಲೋಮೀಟರ್‌ನಲ್ಲಿದೆ. ಸೂತ್ರಕ್ಕೆ ಮೀಟರ್ ಬೇಕು. ಸಾಮಾನ್ಯವಾಗಿ ಎಲ್ಲ ಪುಸ್ತಕಗಳೂ ಹೀಗೇ ಕೊಡುತ್ತವೆ. ತಪ್ಪು ಹುಟ್ಟುವುದೂ ಇಲ್ಲೇ.

ಲೆಕ್ಕ ಮಾಡೋಣ: ಮಂಗಳದ ಮೇಲೆ ಒಂದು ರೋವರ್

2021ರಲ್ಲಿ ಮಂಗಳದ ಮೇಲೆ ಇಳಿದ ಪರ್ಸಿವರೆನ್ಸ್ ರೋವರ್‌ನ ರಾಶಿ 1,025 ಕೆಜಿ. ಮಂಗಳ ಅದನ್ನು ಎಷ್ಟು ಬಲದಿಂದ ಎಳೆಯುತ್ತದೆ?

ಹಂತ 1. ಎಲ್ಲವನ್ನೂ ಕೆಜಿ ಮತ್ತು ಮೀಟರ್‌ಗೆ ತನ್ನಿ. 3,389.5 ಕಿಲೋಮೀಟರ್ = 33,89,500 ಮೀಟರ್ = 3.3895 × 10⁶ ಮೀಟರ್. ಇದನ್ನು ಹಾಳೆಯ ಮೇಲೆ ಬರೆದುಕೊಳ್ಳಿ, ಪಕ್ಕದಲ್ಲಿ "ಮೀ." ಅಂತಾನೂ ಬರೆಯಿರಿ. ಮನಸ್ಸಿನಲ್ಲೇ ಮಾಡಬೇಡಿ.

ಹಂತ 2. ತ್ರಿಜ್ಯದ ವರ್ಗ ತೆಗೆಯಿರಿ. ಮುಂದಿನ ಸಂಖ್ಯೆಗೂ ವರ್ಗ, ಹತ್ತರ ಘಾತಕ್ಕೂ ವರ್ಗ. 3.3895 × 3.3895 = 11.489. ಹತ್ತರ ಘಾತ 6 + 6 = 12. ಅಂದರೆ 11.489 × 10¹², ಅಥವಾ 1.1489 × 10¹³ ಮೀ². ಕೆಲವರು 3.3895ಕ್ಕೆ ಮಾತ್ರ ವರ್ಗ ಮಾಡಿ 10⁶ ಅನ್ನು ಹಾಗೇ ಬಿಟ್ಟುಬಿಡುತ್ತಾರೆ. ಆಮೇಲೆ ಉತ್ತರ ಹತ್ತು ಲಕ್ಷ ಪಟ್ಟು ದೊಡ್ಡದಾಗಿ ಬರುತ್ತದೆ.

ಹಂತ 3. ದೊಡ್ಡ ಜಿಯನ್ನು ಗ್ರಹದ ರಾಶಿಯಿಂದ ಗುಣಿಸಿ. 6.674 × 6.417 = 42.827. ಘಾತಗಳು: −11 + 23 = 12. ಹಾಗಾಗಿ 42.827 × 10¹², ಅಂದರೆ 4.2827 × 10¹³.

ಹಂತ 4. ಭಾಗಿಸಿ. 4.2827 × 10¹³ ÷ 1.1489 × 10¹³. ಎರಡೂ ಕಡೆ 10¹³ ಇದೆ, ಹೊಡೆದುಹೋಗುತ್ತದೆ. ಉಳಿದದ್ದು 3.728.

ಇಲ್ಲಿ ಒಂದು ಕ್ಷಣ ನಿಲ್ಲಿ. ರೋವರ್‌ನ ರಾಶಿಯನ್ನು ನಾವು ಇನ್ನೂ ಬಳಸಿಯೇ ಇಲ್ಲ. ಆದರೂ ಒಂದು ಸಂಖ್ಯೆ ಸಿಕ್ಕಿದೆ. ಈ 3.728 ಮೀಟರ್/ಸೆಕೆಂಡ್² ಮಂಗಳ ಗ್ರಹದ ಸ್ವಂತ ಗುಣ. ಇದೇ ಗುರುತ್ವ ವೇಗೋತ್ಕರ್ಷ, ಅಂದರೆ ಸಣ್ಣ ಜಿ. ಗಾಳಿಯ ತಡೆ ಇಲ್ಲದಿದ್ದರೆ ಅಲ್ಲಿ ಕೈಬಿಟ್ಟ ಯಾವ ವಸ್ತುವಾದರೂ ಸೆಕೆಂಡ್ ಸೆಕೆಂಡಿಗೂ ಇಷ್ಟು ವೇಗ ಕೂಡಿಸಿಕೊಳ್ಳುತ್ತಾ ಬೀಳುತ್ತದೆ. ಹಗುರವೋ ಭಾರವೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ನಮ್ಮ ನಾಲ್ಕನೇ ಹಂತದಲ್ಲಿ ಕಂಡದ್ದೂ ಅದೇ.

ಹಂತ 5. ವಸ್ತುವಿನ ರಾಶಿಯಿಂದ ಗುಣಿಸಿ. 3.728 × 1,025 = ಸುಮಾರು 3,821 ನ್ಯೂಟನ್. ಇದೇ ಉತ್ತರ.

ಹಂತ 6. ಉತ್ತರ ನಂಬುವ ಹಾಗಿದೆಯಾ ನೋಡಿ. ಇದೇ ರೋವರ್ ಭೂಮಿಯ ಮೇಲೆ ಸುಮಾರು 10,050 ನ್ಯೂಟನ್ ತೂಗುತ್ತದೆ. ಮಂಗಳದ್ದು ಅದರ 38 ಶೇಕಡಾ. ಮಂಗಳ ಭೂಮಿಗಿಂತ ಚಿಕ್ಕ ಗ್ರಹ, ಎಳೆತ ಕಡಿಮೆ ಇರಲೇಬೇಕು. ಹೊಂದುತ್ತದೆ.

ಇದೇ ದಾರಿಯಲ್ಲಿ ಭೂಮಿಗೂ ಒಮ್ಮೆ ನೀವೇ ಮಾಡಿ. ತ್ರಿಜ್ಯದ ವರ್ಗ 4.059 × 10¹³, ದೊಡ್ಡ ಜಿ ಗುಣಿಸು ರಾಶಿ 3.986 × 10¹⁴, ಭಾಗಿಸಿದರೆ 9.82. ಶಾಲೆಯಲ್ಲಿ ಬಾಯಿಪಾಠ ಮಾಡಿದ 9.8 ಎಲ್ಲಿಂದ ಬಂತು ಅಂತ ನಿಮ್ಮ ಕೈಯಾರೆ ತೆಗೆದು ನೋಡುವುದರಲ್ಲಿ ಒಂದು ಖುಷಿ ಇದೆ.

ರಾಶಿ ಬೇರೆ, ತೂಕ ಬೇರೆ

ರೋವರ್‌ನ ರಾಶಿ ಎಲ್ಲಿ ಹೋದರೂ 1,025 ಕೆಜಿಯೇ. ಬದಲಾಗುವುದು ತೂಕ, ಅಂದರೆ ಅದರ ಮೇಲಿನ ಎಳೆತ. ತೂಕದ ಸರಿಯಾದ ಮಾನ ನ್ಯೂಟನ್. ನಮ್ಮ ತೂಕದ ಯಂತ್ರಗಳು ಕೆಜಿ ತೋರಿಸುವುದರಿಂದ ಗೊಂದಲ ಶುರುವಾಗುತ್ತದೆ. ಆ ಯಂತ್ರಕ್ಕೆ ಗೊತ್ತಾಗುವುದು ತನ್ನ ಮೇಲೆ ಬಿದ್ದ ಒತ್ತುವ ಬಲ ಮಾತ್ರ. ಭೂಮಿಯ ಮೇಲಿದ್ದೇನೆ ಅಂದುಕೊಂಡು ಬಲವನ್ನು 9.8ರಿಂದ ಭಾಗಿಸಿ ಕೆಜಿ ಅಂತ ತೋರಿಸುವ ಹಾಗೆ ಅದನ್ನು ಮಾಡಿರುತ್ತಾರೆ. ಅದೇ ಯಂತ್ರವನ್ನು ಮಂಗಳಕ್ಕೆ ತೆಗೆದುಕೊಂಡು ಹೋಗಿ, 60 ಕೆಜಿಯ ಒಬ್ಬರನ್ನು ಅದರ ಮೇಲೆ ನಿಲ್ಲಿಸಿದರೆ 23 ಕೆಜಿಯ ಹತ್ತಿರ ತೋರಿಸುತ್ತದೆ. ಅವರು ಸೊರಗಿಲ್ಲ. ಯಂತ್ರ ಇನ್ನೂ ಭೂಮಿಯ ಲೆಕ್ಕದಲ್ಲೇ ಇದೆ, ಅಷ್ಟೇ.

ಅನುಪಾತದ ದಾರಿ

ನನಗೆ ಬಹಳ ಇಷ್ಟವಾದ ವಿಧಾನ ಇದು. ಹತ್ತರ ಘಾತಗಳ ಗೋಜೇ ಬೇಡ. ಗ್ರಹದ ರಾಶಿ ಭೂಮಿಯ ಎಷ್ಟು ಪಟ್ಟು, ತ್ರಿಜ್ಯ ಎಷ್ಟು ಪಟ್ಟು, ಇಷ್ಟು ಗೊತ್ತಿದ್ದರೆ ಸಾಕು.

ಗ್ರಹದ ಸಣ್ಣ ಜಿ = 9.8 × ರಾಶಿಯ ಪಟ್ಟು ÷ (ತ್ರಿಜ್ಯದ ಪಟ್ಟು)²

ಚಂದ್ರನನ್ನು ತೆಗೆದುಕೊಳ್ಳಿ. ಅದರ ರಾಶಿ ಭೂಮಿಯ 81ನೇ ಒಂದು ಭಾಗ, ಅಂದರೆ 0.0123. ಹಾಗಾದರೆ ತೂಕವೂ 81ನೇ ಒಂದು ಭಾಗ ಆಗಬೇಕಲ್ವಾ? ಆಗುವುದಿಲ್ಲ. ಚಂದ್ರ ಚಿಕ್ಕದು. ಅದರ ಮೇಲೆ ನಿಂತಾಗ ನಾವು ಅದರ ಕೇಂದ್ರಕ್ಕೆ ಬಹಳ ಹತ್ತಿರ ಇರುತ್ತೇವೆ. ತ್ರಿಜ್ಯ ಭೂಮಿಯ 0.273 ಪಟ್ಟು, ಅದರ ವರ್ಗ 0.0745. ಈಗ 0.0123 ÷ 0.0745 = 0.165. ಹೆಚ್ಚುಕಡಿಮೆ ಆರನೇ ಒಂದು ಭಾಗ. ಚಂದ್ರನ ಮೇಲೆ ತೂಕ ಆರನೇ ಒಂದು ಭಾಗ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಮಾತಿನ ಬೇರು ಇದು.

ಗುರುಗ್ರಹ ಇನ್ನೊಂದು ತುದಿ. ರಾಶಿ ಭೂಮಿಯ 318 ಪಟ್ಟು. ಆದರೆ ಸಮಭಾಜಕದಲ್ಲಿ ತ್ರಿಜ್ಯ 11.2 ಪಟ್ಟು, ವರ್ಗ ಸುಮಾರು 125.5. ಭಾಗಿಸಿದರೆ 2.5. ಅಷ್ಟು ದೈತ್ಯ ಗ್ರಹದಲ್ಲೂ ತೂಕ ಬರೀ ಎರಡೂವರೆ ಪಟ್ಟು! ಶನಿಯದ್ದು ಇನ್ನೂ ಸ್ವಾರಸ್ಯ. ರಾಶಿ 95 ಪಟ್ಟು, ಸಮಭಾಜಕದ ತ್ರಿಜ್ಯ 9.45 ಪಟ್ಟು, ವರ್ಗ 89. ಉತ್ತರ 1.07. ಹೆಚ್ಚುಕಡಿಮೆ ಭೂಮಿಯಷ್ಟೇ. ಯುರೇನಸ್ ರಾಶಿಯಲ್ಲಿ ಭೂಮಿಯ 14.5 ಪಟ್ಟು ಇದ್ದರೂ ಅದರ ಸಣ್ಣ ಜಿ ಭೂಮಿಯದಕ್ಕಿಂತ ಕಡಿಮೆ.

ಗುರು, ಶನಿ, ಯುರೇನಸ್‌ಗಳಿಗೆ ಕಾಲಿಡುವಂಥ ಗಟ್ಟಿ ನೆಲ ಇಲ್ಲ. ಲೆಕ್ಕದಲ್ಲಿ "ಮೇಲ್ಮೈ" ಅಂದರೆ ಗಾಳಿಯ ಒತ್ತಡ 1 ಬಾರ್, ಅಂದರೆ ಸುಮಾರಾಗಿ ನಮ್ಮ ಸಮುದ್ರ ಮಟ್ಟದ ಒತ್ತಡ ಇರುವ ಎತ್ತರ.

ಬುಧ ಮತ್ತು ಮಂಗಳದ ಒಗಟು

ಬುಧದ ತ್ರಿಜ್ಯ 2,440 ಕಿಲೋಮೀಟರ್, ಮಂಗಳದ್ದು 3,390. ಬುಧದ ರಾಶಿ ಮಂಗಳದ ಹೆಚ್ಚುಕಡಿಮೆ ಅರ್ಧ. ಆದರೂ ಎರಡು ಗ್ರಹಗಳ ಮೇಲೂ ನಿಮ್ಮ ತೂಕ ಬಹುತೇಕ ಒಂದೇ. ಎರಡೂ ಕಡೆ ಸಣ್ಣ ಜಿ ಸುಮಾರು 3.7. ಯಾಕೆ?

ರಾಶಿಯನ್ನು ಸಾಂದ್ರತೆ ಗುಣಿಸು ಗಾತ್ರ ಅಂತ ಬರೆದರೆ ಉತ್ತರ ಕಣ್ಣೆದುರಿಗೇ ಬರುತ್ತದೆ. ಗೋಳದ ಗಾತ್ರದಲ್ಲಿ ತ್ರಿಜ್ಯದ ಘನ ಇರುತ್ತದೆ. ಕೆಳಗಡೆ ತ್ರಿಜ್ಯದ ವರ್ಗ ಇದೆ. ಹೊಡೆದು ಹಾಕಿದರೆ ಮೇಲೆ ಒಂದೇ ಒಂದು ತ್ರಿಜ್ಯ ಉಳಿಯುತ್ತದೆ.

ಸಣ್ಣ ಜಿ = 4.19 × ದೊಡ್ಡ ಜಿ × ಸಾಂದ್ರತೆ × ತ್ರಿಜ್ಯ

4.19 ಅಂದರೆ ಪೈಯ ಮೂರನೇ ನಾಲ್ಕು ಭಾಗ, ಗೋಳದ ಗಾತ್ರದಿಂದ ಬಂದದ್ದು. ಈಗ ಸಾಂದ್ರತೆಯನ್ನೂ ತ್ರಿಜ್ಯವನ್ನೂ ಗುಣಿಸಿ ನೋಡಿದರೆ ಸಾಕು. ಬುಧ: 5.43 × 2,440 = 13,249. ಮಂಗಳ: 3.93 × 3,390 = 13,323. ಹೆಚ್ಚುಕಡಿಮೆ ಸಮ. ಬುಧ ಚಿಕ್ಕದಾದರೂ ಅದರ ಒಳಗೆ ದೊಡ್ಡ ಕಬ್ಬಿಣದ ತಿರುಳಿದೆ, ಅದಕ್ಕೇ ಅಷ್ಟು ಗಟ್ಟಿ. ಮಂಗಳ ದೊಡ್ಡದು, ಆದರೆ ಸಾಂದ್ರತೆ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿದೆ.

ಸಾಂದ್ರತೆ ಒಂದೇ ಇರುವ ಎರಡು ಗ್ರಹಗಳಲ್ಲಿ ಒಂದರ ತ್ರಿಜ್ಯ ಎರಡು ಪಟ್ಟು ಇದ್ದರೆ ಅದರ ಮೇಲೆ ತೂಕವೂ ಎರಡು ಪಟ್ಟು. ದೂರ ಹೆಚ್ಚಿದರೆ ಬಲ ಕಡಿಮೆಯಾಗಬೇಕಿತ್ತಲ್ಲ ಅಂತ ಅನಿಸಬಹುದು. ಆದರೆ ಇಲ್ಲಿ ತ್ರಿಜ್ಯದ ಜೊತೆಗೆ ರಾಶಿಯೂ ಎಂಟು ಪಟ್ಟಾಗಿದೆ. ಅದನ್ನು ನಾಲ್ಕರಿಂದ ಭಾಗಿಸಿದರೆ ಎರಡು.

ಉತ್ತರ ತಪ್ಪಾದರೆ ಎಲ್ಲಿ ಹುಡುಕಬೇಕು

ಒಂದು ಸಲ ನನ್ನ ಅಕ್ಕನ ಮಗಳು ಭೂಮಿಯ ಮೇಲೆ 60 ಕೆಜಿಯ ವಸ್ತುವಿನ ಲೆಕ್ಕ ಮಾಡಿ ತಂದಳು. ಉತ್ತರ 58.9 ಕೋಟಿ ನ್ಯೂಟನ್. "ಚಿಕ್ಕಮ್ಮ, ಪುಸ್ತಕದಲ್ಲಿ 589 ಅಂತಿದೆ. ನನ್ನದೂ 589 ಅಂತಾನೇ ಶುರುವಾಗ್ತಿದೆ. ಮತ್ತೆ ಸೊನ್ನೆಗಳು ಎಲ್ಲಿಂದ ಬಂದವು?" ಅಂತ ಕೇಳಿದಳು. ಹಾಳೆ ತಿರುಗಿಸಿ ನೋಡಿದೆ. ಗುಣಾಕಾರ ಎಲ್ಲ ಸರಿಯಾಗಿತ್ತು. ಅಕ್ಷರ ದುಂಡಗೆ, ಹಂತಗಳು ಅಚ್ಚುಕಟ್ಟು. ಆದರೆ ತ್ರಿಜ್ಯದ ಜಾಗದಲ್ಲಿ 6371 ಅಂತ ಇತ್ತು. ಕಿಲೋಮೀಟರ್ ಹಾಗೇ ಉಳಿದುಬಿಟ್ಟಿತ್ತು. ಸಾವಿರದ ವ್ಯತ್ಯಾಸ, ಅದಕ್ಕೆ ವರ್ಗ, ಹತ್ತು ಲಕ್ಷ. ಅವಳು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಅಂಕಿಗಳು ಸರಿ ಇದ್ದು ಸೊನ್ನೆಗಳು ಮಾತ್ರ ತಪ್ಪಿದ್ದರೆ, ದೋಷ ಹೆಚ್ಚಾಗಿ ಮಾನದಲ್ಲೋ ಘಾತದಲ್ಲೋ ಇರುತ್ತದೆ.

ಹೀಗೆ ತಪ್ಪಾದ ಉತ್ತರವೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ. ಹತ್ತು ಲಕ್ಷ ಪಟ್ಟು ಜಾಸ್ತಿ ಬಂದರೆ ಕಿಲೋಮೀಟರ್ ನೋಡಿ, ಇಲ್ಲವೇ 10⁶ಕ್ಕೆ ವರ್ಗ ಮಾಡಿದ್ದೀರಾ ನೋಡಿ. ಸರಿಯಾಗಿ ನಾಲ್ಕನೇ ಒಂದು ಭಾಗ ಬಂದರೆ ತ್ರಿಜ್ಯದ ಬದಲು ವ್ಯಾಸ ಹಾಕಿರುತ್ತೀರಿ. ಭೂಮಿಗೆ 2.45 ಬಂತು ಅಂದರೆ ಇದೇ ತಪ್ಪು. ಭೂಮಿಯ ಸಣ್ಣ ಜಿ 6 ಕೋಟಿಗೂ ಮೇಲೆ ಬಂದರೆ ವರ್ಗ ಮಾಡುವುದನ್ನೇ ಮರೆತಿದ್ದೀರಿ. ಕ್ಯಾಲ್ಕುಲೇಟರ್ "ದೋಷ" ಅಂತ ತೋರಿಸಿದರೆ ಬಹುಶಃ ದೂರದ ಜಾಗದಲ್ಲಿ ಸೊನ್ನೆ ಹಾಕಿದ್ದೀರಿ. ಮೊದಲ ಪ್ಯಾರಾದ ಕಲ್ಲು ನೆನಪಿದೆಯಲ್ಲ.

ಕ್ಯಾಲ್ಕುಲೇಟರ್‌ನದ್ದೇ ಒಂದು ತೊಂದರೆ ಇದೆ. "ಭಾಗಿಸು ತ್ರಿಜ್ಯ ಗುಣಿಸು ತ್ರಿಜ್ಯ" ಅಂತ ಆವರಣ ಹಾಕದೆ ಒತ್ತಿದರೆ ಅದು ಒಂದು ತ್ರಿಜ್ಯದಿಂದ ಭಾಗಿಸಿ, ಇನ್ನೊಂದರಿಂದ ಗುಣಿಸುತ್ತದೆ. ತ್ರಿಜ್ಯವೇ ಮಾಯ! ಛೇದದಲ್ಲಿರುವುದನ್ನೆಲ್ಲ ಆವರಣದೊಳಗೆ ಹಾಕಿ. 10²⁴ ಬರೆಯಲು ಘಾತಕ್ಕೆಂದೇ ಇರುವ ಗುಂಡಿ ಬಳಸಿ. ಇಲ್ಲದಿದ್ದರೆ ನಾನು ಮಾಡಿದ ಹಾಗೆ ಸಂಖ್ಯೆಗಳನ್ನು ಬೇರೆ, ಘಾತಗಳನ್ನು ಬೇರೆ ಮಾಡಿ. ನಿಧಾನ ಅನಿಸಿದರೂ ತಪ್ಪು ಕಡಿಮೆ.

ಮಾನಗಳ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ನಾಶವಾಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ನೌಕೆಯ ತಳ್ಳುವಿಕೆಯ ಲೆಕ್ಕವನ್ನು ಪೌಂಡ್ ಬಲದ ಮಾನದಲ್ಲಿ ಕೊಟ್ಟಿತ್ತು. ಅದನ್ನು ಬಳಸಿದ ಇನ್ನೊಂದು ಸಾಫ್ಟ್‌ವೇರ್ ನ್ಯೂಟನ್ ಅಂತ ತಿಳಿದುಕೊಂಡಿತು. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ನೌಕೆ ಅಂದುಕೊಂಡದ್ದಕ್ಕಿಂತ ಬಹಳ ಕೆಳಗೆ, ಗ್ರಹದ ವಾತಾವರಣದೊಳಗೆ ಹೋಗಿಬಿಟ್ಟಿತ್ತು.

ಪುಸ್ತಕದ ಉತ್ತರ ಸ್ವಲ್ಪ ಬೇರೆ ಇದ್ದರೆ

ನಮಗೆ ಮಂಗಳಕ್ಕೆ 3.73 ಬಂತು. ಎಷ್ಟೋ ಕಡೆ 3.71 ಅಂತ ಇರುತ್ತದೆ. ಗಾಬರಿ ಬೇಡ. ನಾವು ಸರಾಸರಿ ತ್ರಿಜ್ಯ ಹಾಕಿದೆವು. ಸಮಭಾಜಕದ ತ್ರಿಜ್ಯ 3,396.2 ಹಾಕಿದರೆ 3.71 ಬರುತ್ತದೆ. ಎರಡೂ ಸರಿ, ಜಾಗ ಬೇರೆ.

ಗ್ರಹಗಳು ಪೂರ್ತಿ ದುಂಡಗಿಲ್ಲ. ತಿರುಗುವುದರಿಂದ ಸೊಂಟದ ಹತ್ತಿರ ಉಬ್ಬಿರುತ್ತವೆ. ಭೂಮಿಯ ಸಮಭಾಜಕ ತ್ರಿಜ್ಯ 6,378 ಕಿಲೋಮೀಟರ್, ಧ್ರುವದ ಕಡೆ 6,357. ಧ್ರುವದಲ್ಲಿ ಸಣ್ಣ ಜಿ 9.832, ಸಮಭಾಜಕದಲ್ಲಿ 9.780. ಈ 0.052ರ ವ್ಯತ್ಯಾಸದಲ್ಲಿ 0.034ರಷ್ಟು ಭೂಮಿಯ ತಿರುಗುವಿಕೆಯಿಂದ ಬಂದದ್ದು. ಉಳಿದದ್ದು ಉಬ್ಬಿನಿಂದ. ಶಾಲೆಯ ಲೆಕ್ಕಕ್ಕೆ ಇದನ್ನು ಬಿಡಬಹುದು. ಗುರುಗ್ರಹಕ್ಕೆ ಬಿಡುವ ಹಾಗಿಲ್ಲ. ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ಆ ಗ್ರಹದ ಸಮಭಾಜಕದಲ್ಲಿ ತಿರುಗುವಿಕೆಯೊಂದೇ ಸುಮಾರು 2.2ರಷ್ಟು ತಗ್ಗಿಸುತ್ತದೆ.

ಈ ವ್ಯತ್ಯಾಸ ಮೊದಲು ಗೊತ್ತಾದದ್ದು ಒಂದು ಗಡಿಯಾರದಿಂದ. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳ ವಿಜ್ಞಾನಿ ಸಮಭಾಜಕದ ಹತ್ತಿರದ ಕೇಯೆನ್‌ನಲ್ಲಿದ್ದ. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಎಳೆತ ಕಡಿಮೆಯಾದರೆ ಲೋಲಕ ನಿಧಾನ ತೂಗುತ್ತದೆ. ಮುಂದೆ ನ್ಯೂಟನ್ ಭೂಮಿಯ ಉಬ್ಬಿನ ಬಗ್ಗೆ ಬರೆದಾಗ ಈ ಅಳತೆಯನ್ನೂ ಬಳಸಿಕೊಂಡ.

ಎತ್ತರಕ್ಕೆ ಹೋದರೆ ದೂರಕ್ಕೆ ಎತ್ತರವನ್ನು ಕೂಡಿಸಬೇಕು. 400 ಕಿಲೋಮೀಟರ್ ಮೇಲೆ ದೂರ 6,771. 6,371 ÷ 6,771ರ ವರ್ಗ 0.885. ಅಂದರೆ ಅಲ್ಲಿ ಸಣ್ಣ ಜಿ ಇನ್ನೂ 8.7ರಷ್ಟಿದೆ. ಬಾಹ್ಯಾಕಾಶ ನಿಲ್ದಾಣ ಹೆಚ್ಚುಕಡಿಮೆ ಇದೇ ಎತ್ತರದಲ್ಲಿ ಸುತ್ತುತ್ತದೆ. ಅಲ್ಲಿ ಗುರುತ್ವ ಇಲ್ಲ ಅನ್ನುವುದು ತಪ್ಪು. ನಿಲ್ದಾಣವೂ ಒಳಗಿರುವವರೂ ಒಟ್ಟಿಗೇ ಬೀಳುತ್ತಾ ಸುತ್ತುತ್ತಿರುವುದರಿಂದ ತೂಕ ಗೊತ್ತಾಗುವುದಿಲ್ಲ.

ಗ್ರಹದ ರಾಶಿಯೇ ಗೊತ್ತಿಲ್ಲದಿದ್ದರೆ

ಗ್ರಹವನ್ನು ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ಆದರೆ ಅದಕ್ಕೊಂದು ಚಂದ್ರ ಇದ್ದರೆ ಕೆಲಸ ಸುಲಭ. ಚಂದ್ರನ ಕಕ್ಷೆಯ ತ್ರಿಜ್ಯ ಮತ್ತು ಒಂದು ಸುತ್ತಿನ ಸಮಯ ಗೊತ್ತಿದ್ದರೆ:

ದೊಡ್ಡ ಜಿ × ಗ್ರಹದ ರಾಶಿ = 39.48 × (ಕಕ್ಷೆಯ ತ್ರಿಜ್ಯ)³ ÷ (ಸುತ್ತಿನ ಸಮಯ)²

39.48 ಅಂದರೆ ಪೈ ವರ್ಗದ ನಾಲ್ಕು ಪಟ್ಟು. ಮಂಗಳದ ಚಂದ್ರ ಫೋಬೋಸ್ ಅನ್ನು 1877ರಲ್ಲಿ ಆಸಫ್ ಹಾಲ್ ಕಂಡುಹಿಡಿದ. ಅದು ಮಂಗಳದ ಕೇಂದ್ರದಿಂದ 9,376 ಕಿಲೋಮೀಟರ್ ದೂರದಲ್ಲಿ, 7 ಗಂಟೆ 39 ನಿಮಿಷ 14 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಅಂದರೆ 27,554 ಸೆಕೆಂಡ್. 9.376 × 10⁶ ಮೀಟರ್‌ನ ಘನ 8.242 × 10²⁰. ಅದನ್ನು 39.48ರಿಂದ ಗುಣಿಸಿದರೆ 3.254 × 10²². ಸಮಯದ ವರ್ಗ 7.592 × 10⁸. ಭಾಗಿಸಿದರೆ 4.286 × 10¹³.

ಮೂರನೇ ಹಂತದಲ್ಲಿ ನಮಗೆ ಬಂದದ್ದು 4.2827 × 10¹³. ಎಷ್ಟು ಹತ್ತಿರ ನೋಡಿ! ಇದನ್ನೇ ಮಂಗಳದ ತ್ರಿಜ್ಯದ ವರ್ಗದಿಂದ ಭಾಗಿಸಿದರೆ 3.73. ಗ್ರಹದ ರಾಶಿಯೂ ಬೇಕಾಗಲಿಲ್ಲ, ದೊಡ್ಡ ಜಿಯೂ ಬೇಕಾಗಲಿಲ್ಲ. ದೊಡ್ಡ ಜಿಯನ್ನು ನಿಖರವಾಗಿ ಅಳೆಯುವುದು ಇಂದಿಗೂ ಕಷ್ಟ. ಹಾಗಾಗಿ ನೌಕೆಗಳ ದಾರಿ ಲೆಕ್ಕ ಹಾಕುವವರು ಎರಡನ್ನೂ ಬಿಡಿಸದೆ ಈ ಗುಣಲಬ್ಧವನ್ನೇ ಬಳಸುತ್ತಾರೆ. ಭೂಮಿಗೆ ಅದು 3.986004 × 10¹⁴. ಇದು ಗೊತ್ತಿರುವಷ್ಟು ನಿಖರವಾಗಿ ಭೂಮಿಯ ರಾಶಿಯೇ ಗೊತ್ತಿಲ್ಲ.

ನೀವೇ ಒಂದು ಮಾಡಿ

ಶನಿಯ ಚಂದ್ರ ಟೈಟನ್. ರಾಶಿ 1.345 × 10²³ ಕೆಜಿ, ತ್ರಿಜ್ಯ 2,574.7 ಕಿಲೋಮೀಟರ್. ಅದರ ಮೇಲೆ 10 ಕೆಜಿಯ ಒಂದು ಪೆಟ್ಟಿಗೆ ಇಟ್ಟರೆ ಎಷ್ಟು ಬಲ? ಮೊದಲು ಅಂದಾಜು ಮಾಡಿ. ಟೈಟನ್‌ನ ರಾಶಿ ನಮ್ಮ ಚಂದ್ರನ 1.8 ಪಟ್ಟು. ಹಾಗಾದರೆ ಪೆಟ್ಟಿಗೆ ಅಲ್ಲಿ ಚಂದ್ರನ ಮೇಲಿಗಿಂತ ಜಾಸ್ತಿ ತೂಗುತ್ತದಾ, ಕಡಿಮೆಯಾ? ಉತ್ತರ ಬರೆದಿಟ್ಟುಕೊಂಡು ಆಮೇಲೆ ಲೆಕ್ಕಕ್ಕೆ ಇಳಿಯಿರಿ.

ತ್ರಿಜ್ಯ 2.5747 × 10⁶ ಮೀಟರ್, ವರ್ಗ 6.629 × 10¹². ದೊಡ್ಡ ಜಿ ಗುಣಿಸು ರಾಶಿ 8.977 × 10¹². ಭಾಗಿಸಿದರೆ 1.354. ಪೆಟ್ಟಿಗೆಯ ಮೇಲೆ 13.5 ನ್ಯೂಟನ್. ಚಂದ್ರನ ಮೇಲೆ ಅದೇ ಪೆಟ್ಟಿಗೆಗೆ 16.2 ನ್ಯೂಟನ್. ಟೈಟನ್‌ನ ತ್ರಿಜ್ಯ ಚಂದ್ರನ 1.48 ಪಟ್ಟು, ವರ್ಗ 2.2. ರಾಶಿಯಿಂದ ಹೆಚ್ಚಿದ್ದು 1.8 ಪಟ್ಟು, ದೂರದಿಂದ ಕಡಿಮೆಯಾದದ್ದು 2.2 ಪಟ್ಟು.